ತಡಿ ಅಂದಷ್ಟೂ ಓಡಿದ ಟ್ರಾಲಿ

ಇದನ್ನು ಹೇಳಿಬಿಡಬೇಕೆಂದು ಬಹಳ ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಮಗಳ ಮದುವೆಯಾಗಲಿ ಎಂದೆ, ಆಯಿತು. ನಿವೃತ್ತಿಯಾಗಲಿ ಎಂದೆ, ಅದೂ ಆಯಿತು. ಹಲ್ಲು ಕಟ್ಟಿಸಿಕೊಂಡು ಸ್ಪಷ್ಟವಾಗಿ ಹೇಳೋಣ ಎಂದೆ, ಹಲ್ಲೂ ಬಂತು. ಇನ್ನು ನೆಪ ಉಳಿದಿಲ್ಲ.

ಅದು ಯುದ್ಧದ ಕಾಲ. ಮಾಲೂರಿನ ಹತ್ತಿರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ನಾನು ಗುಮಾಸ್ತ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅಲ್ಲಿ ಅಪಘಾತಗಳಿಗೆ ಬರವಿರಲಿಲ್ಲ. ಟೇಕಲ್ ಕಡೆಯಿಂದ ರೈಲಿನಲ್ಲಿ ಬರುವವರು ಸ್ಟೇಷನ್ನಿನಿಂದ ಹಿಂದಕ್ಕೆ ನಡೆಯುವ ಶ್ರಮ ಯಾಕೆಂದು ಕಾರ್ಖಾನೆಯೆದುರಿನ ತಿರುವಿನಲ್ಲೇ ಹಾರಿಕೊಳ್ಳುತ್ತಿದ್ದರು. ಒಳಗೆ, ಕೆರೆಯಿಂದ ಜೇಡಿಮಣ್ಣು ತರುವ ಟ್ರಾಲಿ ಕಂಬಿಯ ಮೇಲೆ ಇಳಿಜಾರಿನಲ್ಲಿ ಉರುಳಿ ಬರುವಾಗ ಯಾರದಾದರೂ ಕಾಲಿಗೆ ತಗಲುತ್ತಿತ್ತು.

ಮ್ಯಾನೇಜರು ಮಂಗಳೂರು ಕಡೆಯವರು. ಒಂದು ದಿನ ನನ್ನನ್ನು ಕರೆದು, ಎಸ್ಸೆಸ್ಸೆಲ್ಸಿ ಪಾಸಾದವರು ನೀವೊಬ್ಬರೇ, ಈ ಅಪಘಾತಗಳನ್ನು ನಿಲ್ಲಿಸಿದರೆ ಕೆಲಸ ಖಾಯಂ ಎಂದರು. ನಿಲ್ಲಿಸದಿದ್ದರೆ ಏನೆಂದು ಹೇಳಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಅಷ್ಟು ಅರ್ಥವಾಗುತ್ತದೆ.

ಮೊದಲು ರೈಲಿನ ವಿಚಾರಕ್ಕೆ ಕೈಹಾಕಿದೆ. ಮರುದಿನ ನಾನೂ ಆ ರೈಲು ಹತ್ತಿ, ತಿರುವು ಬರುವ ಮುಂಚೆಯೇ ಡಬ್ಬಿಯ ಬಾಗಿಲಿಗೆ ಅಡ್ಡವಾಗಿ ನಿಂತು ಎರಡೂ ಕೈ ಚಾಚಿದೆ. ಹಾರುವವರು ಅಭ್ಯಾಸದಂತೆ ಹಿಂದಿನಿಂದ ಒತ್ತಿ ಬಂದರು. ಅವರೆಲ್ಲ ಅನುಭವಸ್ಥರು, ಹಗುರವಾಗಿ ಇಳಿದು ಹೋದರು. ಆ ದಿನ ರೈಲಿನಿಂದ ಬಿದ್ದವನು ನಾನೊಬ್ಬನೇ.

ಮನೆಯಲ್ಲಿ ನನ್ನ ಹೆಂಡತಿ ಮೊಣಕಾಲಿಗೆ ಅರಿಶಿನ ಮೆತ್ತುತ್ತಾ, "ಅಪಘಾತ ತಡೆಯೋಕೆ ಇಟ್ಕೊಂಡಿರೋದು ನಿಮ್ಮನ್ನೇನಾ? ಬೇರೆ ಯಾರನ್ನೋ ಇರಬೇಕು, ಸರಿಯಾಗಿ ಕೇಳ್ಕೊಂಡು ಬನ್ನಿ" ಅಂದಳು.

ರೈಲನ್ನು ಬಿಟ್ಟು ಟ್ರಾಲಿಗೆ ಬಂದೆ. ಆಳವಾಗಿ ಆಲೋಚಿಸಿ ರೋಗದ ಮೂಲವನ್ನು ಕಂಡುಹಿಡಿದೆ. ಅಪಾಯ ಬಂದಾಗ ಒಬ್ಬ ಕನ್ನಡದಲ್ಲಿ ಕೂಗುತ್ತಾನೆ, ಇನ್ನೊಬ್ಬ ತೆಲುಗಿನಲ್ಲಿ, ಮತ್ತೊಬ್ಬ ಉರ್ದುವಿನಲ್ಲಿ. ಆದಕಾರಣ ಎಲ್ಲರಿಗೂ ಒಂದೇ ಮಾತಿರಬೇಕು. ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ ಘೋಷಿಸಿದೆ: ಇಂದಿನಿಂದ ಅಪಾಯ ಕಂಡ ಕೂಡಲೇ ಪ್ರತಿಯೊಬ್ಬರೂ "ತಡಿ" ಎಂದು ಕೂಗತಕ್ಕದ್ದು. ಎಲ್ಲರೂ ತಲೆಯಾಡಿಸಿದರು. ಕುಪ್ಪಂ ಕಡೆಯಿಂದ ಆಗತಾನೇ ಬಂದು ಸೇರಿದ್ದ, ಕನ್ನಡ ಬಾರದ ಟ್ರಾಲಿಯವನು ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ.

ತೆಲುಗಿನಲ್ಲಿ ತಡಿ ಎಂದರೆ ಒದ್ದೆ. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ನಮ್ಮಜ್ಜಿ ನನ್ನನ್ನು ಬೈದು ಬೆಳೆಸಿದ್ದೇ ತೆಲುಗಿನಲ್ಲಿ. ಆದರೆ ಅಧಿಕಾರ ಬಂದವನಿಗೆ ಅಜ್ಜಿಯ ಭಾಷೆ ಎಲ್ಲಿ ನೆನಪಾಗುತ್ತದೆ? ಅದಕ್ಕಿಂತ ಮುಖ್ಯವಾಗಿ, ನಮ್ಮ ಕಾರ್ಖಾನೆಯಲ್ಲಿ ಮಣ್ಣು ಹೆಚ್ಚು ಒದ್ದೆಯಾಗಿದ್ದರೆ ಆ ಟ್ರಾಲಿ ಹೆಂಚು ಒತ್ತುವ ಯಂತ್ರದ ಹತ್ತಿರ ನಿಲ್ಲಬಾರದು. ನೇರವಾಗಿ, ಬೇಗನೆ, ಒಣಗಿಸುವ ಕಣಕ್ಕೆ ಹೋಗಬೇಕು. ಇದು ಅಲ್ಲಿನ ಹಳೆಯ ಕಟ್ಟಳೆ.

ಮ್ಯಾನೇಜರು ಪರೀಕ್ಷೆಗೆ ಬಂದರು. ನನ್ನ ವ್ಯವಸ್ಥೆಯಲ್ಲಿ ನನಗೆಷ್ಟು ನಂಬಿಕೆಯೆಂದು ತೋರಿಸಲು ಕಂಬಿಗಳ ನಡುವೆಯೇ ಹೋಗಿ ನಿಂತೆ. ಮೇಲಿನಿಂದ ಟ್ರಾಲಿ ಹೊರಟಿತು. ಕೈಯೆತ್ತಿ ಗಂಭೀರವಾಗಿ "ತಡಿ" ಎಂದೆ.

ಟ್ರಾಲಿಯವನು ಬ್ರೇಕು ಸಡಿಲಿಸಿದ.

"ತಡಿ, ತಡಿ!" ಎಂದೆ. ಹೆಗಲು ಕೊಟ್ಟು ನೂಕತೊಡಗಿದ. ನಾನು ಕೂಗಿದಷ್ಟೂ ಅವನು ಶ್ರದ್ಧೆಯಿಂದ ನೂಕಿದ. ಪಕ್ಕಕ್ಕೆ ಹಾರೋಣವೆಂದರೆ ನನ್ನ ಪಂಚೆಯ ಅಂಚು ಕಂಬಿಯ ಬೋಲ್ಟಿಗೆ ಸಿಕ್ಕಿಕೊಂಡಿತ್ತು. ಪ್ರಾಣ ಬೇಕಾದರೆ ಪಂಚೆ ಬಿಡಬೇಕು. ಒಂದು ಪಕ್ಕದಲ್ಲಿ ಮ್ಯಾನೇಜರು, ಇನ್ನೊಂದು ಪಕ್ಕದಲ್ಲಿ ಮಣ್ಣು ಹೊರುವ ಹೆಂಗಸರು. ಯಾವುದನ್ನು ಬಿಡುವುದೆಂದು ನಾನು ನಿರ್ಧರಿಸುವಷ್ಟರಲ್ಲಿ ಟ್ರಾಲಿ ಎದುರಿಗೇ ಬಂದಿತ್ತು. ಆಗ ನನ್ನ ಬಾಯಿಂದ ಅಜ್ಜಿಯ ಭಾಷೆ ತಾನಾಗಿ ಹೊರಬಿತ್ತು.

"ಅಯ್ಯಯ್ಯೋ, ಆಪರಾ ನಾಯನಾ!"

ಟ್ರಾಲಿ ಗಕ್ಕನೆ ನಿಂತಿತು. ಅದರ ಮೂತಿಗೂ ನನ್ನ ಮೊಣಕಾಲಿಗೂ ನಡುವೆ ಒಂದು ಗೇಣು ಇದ್ದಿರಬಹುದು. ಎರಡೂ ಕಾಲು ಇವೆಯೇ ಎಂದು ಮುಟ್ಟಿ ನೋಡಿಕೊಂಡೆ. ಇದ್ದವು. ಅಂಥ ನೆಮ್ಮದಿ ಆಮೇಲೆ ಜೀವನದಲ್ಲಿ ಸಿಕ್ಕಿಲ್ಲ.

ಟ್ರಾಲಿಯವನು ಓಡಿಬಂದು, "ಏಮಯ್ಯಿಂದಿ ಸಾಮೀ? ತಡಿ ಅಂಟಿರಿ ಕದಾ?" ಎಂದ. ಏನಾಯಿತು, ಒದ್ದೆ ಅಂದಿರಲ್ಲ ಎಂದು ಅವನ ಪ್ರಶ್ನೆ. ಮ್ಯಾನೇಜರಿಗೆ ತೆಲುಗು ಬಾರದು. ಅಷ್ಟು ಸಲ ಕೂಗಿದರೂ ಇವನು ಯಾಕೆ ನಿಲ್ಲಿಸಲಿಲ್ಲ ಎಂದು ನನ್ನನ್ನೇ ಕೇಳಿದರು.

"ಅವನಿಗೆ ಕಿವಿ ಮಂದ, ಸಾರ್" ಎಂದುಬಿಟ್ಟೆ.

"ಕಿವುಡನ ಕೈಗೆ ಟ್ರಾಲಿ ಕೊಟ್ಟಿದ್ದೀರಾ? ನಾಳೆಯಿಂದ ಇವನು ಬೇಡ."

ಅವನ ಹೆಂಡತಿ ಮಕ್ಕಳು ಊರು ಬಿಟ್ಟು ಬಂದು ಹೆಂಚು ಸುಡುವ ಗೂಡಿನ ಪಕ್ಕದ ಗುಡಿಸಲು ಸೇರಿ ವಾರವೂ ಆಗಿರಲಿಲ್ಲ. ನಿಜ ಹೇಳಲು ಬಾಯಿ ತೆರೆದೆ. ಖಾಯಂ ಕೆಲಸ ಕಣ್ಣಮುಂದೆ ಬಂತು. ಬಾಯಿ ಮುಚ್ಚಿದೆ. ಪುಣ್ಯಕ್ಕೆ ಮ್ಯಾನೇಜರ ಮನಸ್ಸು ಅವರಷ್ಟಕ್ಕೇ ಕರಗಿತು. ಬಡವ, ಇರಲಿ, ಅವನಿಗೆ ಕೇಳದಿದ್ದರೂ ಜನಕ್ಕೆ ಕೇಳುವ ಹಾಗೆ ಟ್ರಾಲಿಗೆ ಒಂದು ದೊಡ್ಡ ಗಂಟೆ ಕಟ್ಟಿಸಿ ಎಂದರು.

ಕಟ್ಟಿಸಿದೆ. ಗಂಟೆಗೆ ಕನ್ನಡವೂ ಇಲ್ಲ, ತೆಲುಗೂ ಇಲ್ಲ. ಶಬ್ದ ಕೇಳಿದರೆ ಎಲ್ಲರೂ ಪಕ್ಕಕ್ಕೆ ಸರಿಯುತ್ತಿದ್ದರು. ಆಮೇಲೆ ಆ ಟ್ರಾಲಿ ಯಾರ ಕಾಲಿಗೂ ತಗಲಲಿಲ್ಲ. ಗಂಟೆಯ ಉಪಾಯಕ್ಕಾಗಿ ನನ್ನನ್ನು ಹೊಗಳಿ ಖಾಯಂ ಮಾಡಿದರು. ಅವನಿಗೆ ಮಾತ್ರ ಕಿವುಡ ಎಂಬ ಹೆಸರು ಖಾಯಂ ಆಯಿತು. ಮೇಸ್ತ್ರಿಯಿಂದ ಹಿಡಿದು ಕಡಲೆಕಾಯಿ ಮಾರುವವಳವರೆಗೆ ಎಲ್ಲರೂ ಅವನ ಕಿವಿಗೆ ಬಾಯಿಟ್ಟು ಅರಚುತ್ತಿದ್ದರು.

ಕೆಲವು ವರ್ಷಗಳ ಮೇಲೆ ಒಮ್ಮೆ ಮಾಲೂರು ಸಂತೆಯಲ್ಲಿ ಎದುರಾದ. ಅಷ್ಟರಲ್ಲಿ ಕನ್ನಡ ಕಲಿತಿದ್ದ. "ಸಾಮೀ, ನಂಗೆ ಚೆನ್ನಾಗಿ ಕೇಳಿಸ್ತದೆ" ಅಂದ, ಮೆಲ್ಲಗೆ. "ನೀವಾದ್ರೂ ಒಂದು ಮಾತು ಎಲ್ರಿಗೂ ಹೇಳಬಾರದಾ?"

ನಾನು ಕೇಳಿಸದವನ ಹಾಗೆ ಪಕ್ಕದ ಗುಡ್ಡೆಗೆ ಬಾಗಿ, ಬೇಡದ ಬದನೆಕಾಯಿ ಎರಡು ಸೇರು ಕೊಂಡು ಮನೆಗೆ ಬಂದೆ.

ಅವನು ಊರಿಗೆ ಹಿಂತಿರುಗಿದ ಮೇಲೆ ಮತ್ತೆ ಕಾಣಲಿಲ್ಲ. ಇದಿಷ್ಟು ಹೇಳಿದ್ದಕ್ಕೆ ಈಗ ಎದೆ ಹಗುರವಾಗಿದೆ. ಎರಡು ಭಾಷೆ ಬರುತ್ತದೆಂದು ಜಂಬಪಡುತ್ತಿದ್ದ ನಾನು, ತಪ್ಪಾಯಿತು ಎಂಬ ಮಾತನ್ನು ಒಂದರಲ್ಲೂ ಅವನಿಗೆ ಹೇಳಲಿಲ್ಲ. ಅವನ ಹೆಸರು ಚೆಂಗಲರಾಯಪ್ಪ.