ಮೀಸೆ ಬಿಟ್ಟುಹೋದ ರಾವಣನ ತಲೆ

ಗುಡಿ ಗೋಪುರಕ್ಕೆ ಗಾರೆ ಬೊಂಬೆ ಮಾಡಿ ಬಣ್ಣ ಹಚ್ಚೋನು ನಾನು. ಈ ಕೆಲಸದಲ್ಲಿ ಮಾನ ಹೋಗೋಕೆ ಮುಹೂರ್ತ ಬೇಡ, ಹೋಗ್ತಾನೇ ಇರುತ್ತೆ. ಬೇರೆಯವರ ತಪ್ಪು ಫೈಲೊಳಗೆ ಮುಚ್ಚಿಹೋಗುತ್ತೆ. ನಮ್ಮದು ಮೂವತ್ತಡಿ ಮೇಲೆ ಬಣ್ಣ ಬಳ್ಕೊಂಡು ನಿಂತಿರುತ್ತೆ.

ಕುಮಾರಸ್ವಾಮಿ ಲೇಔಟಿನ ಒಂದು ಸಣ್ಣ ಗುಡಿ ನಾನು ಒಬ್ಬನೇ ಒಪ್ಕೊಂಡ ಮೊದಲ ಕೆಲಸ. ನನಗೆ ವಿದ್ಯೆ ಕಲಿಸಿದ ಮೇಸ್ತ್ರಿ ಒಂದೇ ಮಾತು ಹೇಳಿದ್ರು: "ಕುಂಭಾಭಿಷೇಕದ ದಿನ ಬಂದು ನೋಡ್ತೀನಿ. ನನ್ನ ಹೆಸರು ಕೆಡಿಸ್ಬೇಡ."

೧. ದ್ರೌಪದಿ ಸೀರೆ

ದುಶ್ಶಾಸನ ಸೀರೆ ಎಳೀತಿರೋ ಬೊಂಬೆ. ಅರ್ಧ ಸೀರೆಗೆ ಹಸಿರು ಹಚ್ಚೋಷ್ಟರಲ್ಲಿ ಡಬ್ಬಿ ಖಾಲಿ. ಅಂಗಡಿಗೆ ಹೋಗೋಕೆ ಸೋಮಾರಿತನ. ಮಿಕ್ಕಿದ್ದಕ್ಕೆ ಕೆಂಪು, ಹಳದಿ, ನೀಲಿ, ಇದ್ದದ್ದೆಲ್ಲ ಬಳಿದೆ.

ಕೆಳಗಿಂದ ಒಬ್ಬ ಆಂಟಿ ಕೂಗಿದ್ರು, "ಏನಪ್ಪಾ, ಒಂದೇ ಸೀರೆಗೆ ನಾಲ್ಕು ಬಣ್ಣಾನಾ?"

ನಾನು ಬಾಯಿ ತೆಗೆಯೋ ಮುಂಚೆ ಅರ್ಚಕರು, "ಕೃಷ್ಣ ಕೊಟ್ಟಿದ್ದು ಒಂದೇ ಸೀರೆ ಅಂದ್ಕೊಂಡ್ರಾ ಅಮ್ಮಾ?" ಅಂದ್ರು. ಆಂಟಿ ಭಕ್ತಿಯಿಂದ ಕೈ ಮುಗಿದ್ರು. ನನಗೆ ನಾಚಿಕೆಯಾಗಿ ನಿಲ್ಲೋಕೆ ಕಟ್ಟಿದ್ದ ಸಾರುವೆ ಹಲಗೆ ಮೇಲೇ ಮುದುರಿ ಕೂತೆ.

ಮಾರನೇ ದಿನ ಆ ಆಂಟೀನೇ ಬಂದು ಕೇಳಿದ್ರು: "ಆ ಕೊನೇ ನೀಲಿ ಯಾವ ಕಂಪನೀದಪ್ಪಾ? ನಮ್ಮನೆ ಗೇಟಿಗೆ ಬೇಕಿತ್ತು."

೨. ಸಾರುವೆ ಬಿಚ್ಚಿದ ಮೇಲೆ

ರಾವಣನಿಗೆ ಮೀಸೆ ಮಾತ್ರ ಎಣಿಸ್ಕೊಂಡೇ ಬರೆದೆ. ಹತ್ತಾಯ್ತು, ಕುಂಚ ತೊಳೆದೆ. ಸಾರುವೆ ಬಿಚ್ಚಿದ ಮೇಲೆ ಕೆಳಗೆ ನಿಂತು ನೋಡ್ತೀನಿ, ಬಲಗಡೆ ಕೊನೇ ತಲೆಗೆ ಮೀಸೇನೇ ಇಲ್ಲ!

ಸ್ಕೂಟರ್ ನಿಲ್ಲಿಸಿದ ಒಬ್ರು, "ಅದ್ಯಾರು ಗುರು ರಾವಣನ ಪಕ್ಕ, ಮಂಡೋದರೀನಾ?" ಅಂದ್ರು.

"ಹೂಂ ಸಾರ್" ಅಂದ್ಬಿಟ್ಟೆ. ಥೂ ನನ್ನ ಜನ್ಮಕ್ಕೆ! ದೇವರ ಬಾಗಿಲಲ್ಲಿ ನಿಂತು ಹಸಿ ಸುಳ್ಳು.

ಅವರು ಹಿಂದೆ ಕೂತಿದ್ದ ಹೆಂಡ್ತಿ ಕಡೆ ತಿರುಗಿದ್ರು: "ನೋಡೇ, ಹೀಗೆ ಅಂಟ್ಕೊಂಡಿರ್ಬೇಕು."

೩. ಮೇಸ್ತ್ರಿ ಬಂದ್ರು

ಕುಂಭಾಭಿಷೇಕದ ದಿನ ತಲಘಟ್ಟಪುರದಿಂದ ಮೇಸ್ತ್ರಿ ಬಂದ್ರು. ಕತ್ತೆತ್ತಿ ನೋಡ್ತಾನೇ ನಿಂತ್ರು. ನನಗೆ ತಡೆಯೋಕಾಗ್ಲಿಲ್ಲ.

"ತಪ್ಪಾಯ್ತು ಮೇಸ್ತ್ರಿ. ರಾವಣನ ಒಂದು ತಲೆಗೆ ಮೀಸೆ ಬಿಟ್ಟೋಯ್ತು. ಏಣಿ ತರಿಸಿ ಈಗ್ಲೇ ಬರೀತೀನಿ."

"ಒಟ್ಟು ಎಷ್ಟು ಮೀಸೆ ಬರೆದೆ?"

"ಎಣಿಸ್ಕೊಂಡು ಹತ್ತು."

"ಮೀಸೆ ಸರಿಯಾಗೇ ಇದೆಯಲ್ಲೋ. ಈಗ ತಲೆ ಎಣಿಸು."

ನಡುವೆ ಒಂದು. ಎರಡೂ ಕಡೆ ಸಮ ಕಾಣ್ಲಿ ಅಂತ ನಾನೇ ಕೂರಿಸಿದ್ದು, ಎಡಕ್ಕೆ ಐದು, ಬಲಕ್ಕೆ ಐದು.

ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು. ಮೇಸ್ತ್ರಿ ನನ್ನ ಕಿವಿ ಹತ್ರ ಬಗ್ಗಿ, "ಇದನ್ನ ಯಾರು ಕಲಿಸಿದ್ದು ಅಂತ ಮಾತ್ರ ಬಾಯಿ ಬಿಡ್ಬೇಡ" ಅಂದ್ರು.

ಅಷ್ಟರಲ್ಲಿ ಅರ್ಚಕರು ಮೈಕಲ್ಲಿ: "ನಮ್ಮ ಶಿಲ್ಪಿಗೆ ವಿದ್ಯೆ ಕಲಿಸಿದ ಗುರುಗಳು ಬಂದಿದ್ದಾರೆ. ಶಾಲು ಹೊದಿಸ್ತೀವಿ, ದಯವಿಟ್ಟು ಮುಂದೆ ಬರ್ಬೇಕು!"

ಮೇಸ್ತ್ರಿ ನನ್ನನ್ನ ಒಂದು ಸಲ ನೋಡಿದ್ರು. ಆ ನೋಟಕ್ಕೆ ರಾವಣನ ಹನ್ನೊಂದು ತಲೇನೂ ತಗ್ಗಬೇಕಿತ್ತು; ತಗ್ಗಿದ್ದು ನನ್ನದೊಂದೇ.