ಸೊನ್ನೆ ಹಂದಿಗಳ ಬೇಟೆಗಾರ

ನಮ್ಮ ಭಾವನ ಕೈಯಲ್ಲಿ ಈವರೆಗೆ ಸತ್ತ ಕಾಡುಹಂದಿಗಳ ಸಂಖ್ಯೆ ಸೊನ್ನೆ. ಆದರೂ ಬಹ್ರೇನಿನಲ್ಲಿ ಅವರಷ್ಟು ದೊಡ್ಡ ಬೇಟೆಗಾರ ಇನ್ನೊಬ್ಬರಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಿಯೇನು. ನಗಬೇಡಿ! ಹಂದಿ ಬೀಳಿಸುವುದೇ ಬೇಟೆ ಎಂದುಕೊಂಡವರಿಗೆ ಮಾತ್ರ ಇದು ತಮಾಷೆ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡು ನಗುತ್ತಿದ್ದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಜಿಂಜ್‌ನ ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಅವರ ಬಾಗಿಲು, ನಮ್ಮ ಬಾಗಿಲು ಎದುರುಬದುರು. ನಮ್ಮವರಿಗೆ ಸಿತ್ರಾದಲ್ಲಿ ಶಿಫ್ಟು ಕೆಲಸ. ಭಾವ ಟುಬ್ಲಿಯ ಗ್ಯಾರೇಜೊಂದರಲ್ಲಿ ಕಾರಿನ ಚಕ್ರಗಳ ಅಲೈನ್‌ಮೆಂಟ್ ನೋಡುತ್ತಾರೆ. ಅಕ್ಕ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಎರಡು ವರ್ಷದಿಂದ ಅವಳೇ ರೋಗಿ. ನರಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತಾ ಬರುವ ಕಾಯಿಲೆ. ಮೊದಲು ಕಾಲು ಹೋಯಿತು, ಆಮೇಲೆ ಕೈ, ಈಗ ಗಂಟಲಿನ ಸರದಿ. ಮದ್ದಿಲ್ಲ ಎಂದು ಡಾಕ್ಟರು ಹೇಳುವ ಮೊದಲೇ ಅವಳು ನಮಗೆ ಹೇಳಿಬಿಟ್ಟಿದ್ದಳು; ನರ್ಸ್ ಅಲ್ಲವೇ! ಉಳಿದಿರುವುದು ಒಂದೇ ಹಟ: ಬಾಯಲ್ಲೇ ಉಣ್ಣಬೇಕು, ಹೊಟ್ಟೆಗೆ ಟ್ಯೂಬು ಬೇಡ. "ಎಷ್ಟು ಜನಕ್ಕೆ ನಾನೇ ಅದರಲ್ಲಿ ಹೊಯ್ದಿದ್ದೇನೆ. ನಾಲಗೆಗೆ ಗೊತ್ತೇ ಆಗದೆ ಹೊಟ್ಟೆ ತುಂಬೋದು ಎಂಥ ಊಟ ಮಾರಾಯ್ತಿ?" ಎಂದು ಮಾತು ಸ್ಪಷ್ಟವಾಗಿದ್ದ ಕಾಲದಲ್ಲೇ ನನ್ನಿಂದ ಭಾಷೆ ತೆಗೆದುಕೊಂಡಿದ್ದಳು.

ಇದನ್ನು ಮೊದಲೇ ಹೇಳಿಬಿಟ್ಟೆ. ನಿಮ್ಮನ್ನು ನಗಿಸಿ ನಗಿಸಿ, ಆಮೇಲೆ ಹಿಂದಿನಿಂದ ಬಂದು ಹೊಡೆದ ಹಾಗೆ ಆಗಬಾರದಲ್ಲ. ಈಗ ಬೇಟೆಗೆ ಹೋಗೋಣ.

ಊರಲ್ಲಿ ಭಾವನ ಅಪ್ಪನ ಕಾಲದ ಒಂದು ರೈಫಲ್ಲು ಉಂಟು. ಬೆಳೆ ಕಾಯಲು ಲೈಸೆನ್ಸ್ ಪಡೆದದ್ದು. ಅವರದ್ದು ಘಟ್ಟದ ಬುಡದಲ್ಲಿ ಮರಗೆಣಸಿನ ಗದ್ದೆ. ಹಂದಿಗಳ ಪಾಲಿಗೆ ಅದು ಹೋಟೆಲು, ಅದೂ ಬಿಲ್ ಕೇಳದ ಹೋಟೆಲು! ರಜೆಗೆ ಹೋದಾಗ ಒಂದೇ ಒಂದು ಹಂದಿಯನ್ನು ಕಾನೂನು ಪ್ರಕಾರ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಹೊಡೆಯಬೇಕು, ಅದರ ಬಫಾತನ್ನು ಅಕ್ಕನ ಕೈಯಲ್ಲಿ ಮಾಡಿಸಿ ಉಣ್ಣಬೇಕು ಎಂಬುದು ಭಾವನ ಆಸೆ. ಬಫಾತ್ ಎಂದರೆ ನಮ್ಮ ಕ್ರಿಶ್ಚಿಯನ್ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಹಂದಿಯ ಖಾರದ ಪದಾರ್ಥ. ಅಕ್ಕನ ಬಫಾತಿಗೆ ಇಡೀ ಜಿಂಜ್‌ನಲ್ಲಿ ಹೆಸರಿತ್ತು.

ಆದರೆ ಭಾವ ಹೋದಾಗಲೆಲ್ಲ ಊರಲ್ಲಿ ಚುನಾವಣೆ! ಪಂಚಾಯತಿನದ್ದೋ, ವಿಧಾನಸಭೆಯದ್ದೋ, ಅದಕ್ಕಿಂತ ದೊಡ್ಡದೋ, ಒಂದಲ್ಲ ಒಂದು. ಚುನಾವಣೆ ಬಂದರೆ ಲೈಸೆನ್ಸಿನ ಕೋವಿಗಳೆಲ್ಲ ಪೊಲೀಸ್ ಠಾಣೆಗೆ. ಭಾವ ವಿಮಾನ ಇಳಿದು ಮನೆಗೆ ಹೋಗುವ ಮೊದಲು ಠಾಣೆಗೆ ಹೋಗಿ, ಸಾಲಾಗಿ ನಿಲ್ಲಿಸಿದ ಕೋವಿಗಳ ನಡುವೆ ತಮ್ಮದನ್ನು ಗುರುತಿಸಿ ನೋಡಿ ಬರುತ್ತಿದ್ದರು, ಹಾಸ್ಟೆಲಿನಲ್ಲಿಟ್ಟ ಮಗನನ್ನು ನೋಡಿ ಬರುವ ಹಾಗೆ. ಒಂದು ಸಲ "ಇದಕ್ಕೆ ಆಗಾಗ ಎಣ್ಣೆ ಹಾಕಿ ಮಾರಾಯ್ರೆ" ಎಂದು ಶೀಶೆಯನ್ನೂ ಕೊಟ್ಟು ಬಂದರು. ಮುಂದಿನ ರಜೆಗೆ ಹೋದಾಗ ಕೋವಿ ಹಾಗೆಯೇ ಇತ್ತು. ಠಾಣೆಯ ಗೇಟು ಮಾತ್ರ ಸದ್ದಿಲ್ಲದೆ ತೆರೆದುಕೊಂಡಿತಂತೆ!

ಕೋವಿ ಅಲ್ಲಿ, ಭಾವ ಇಲ್ಲಿ. ಅಭ್ಯಾಸ ತಪ್ಪಬಾರದಲ್ಲ? ಗ್ಯಾರೇಜಿನಲ್ಲಿ ಕೂತು ಒಂದು ಕೋವಿ ಮಾಡಿಕೊಂಡರು. ಮುರಿದ ಮಂಚದ ಹಲಗೆಯಿಂದ ಹಿಡಿ, ಪರದೆಯ ಸಲಾಕಿಯಿಂದ ನಳಿಗೆ, ಕೆಟ್ಟ ಡ್ರಿಲ್ ಮೆಶಿನ್ನಿನ ಸ್ವಿಚ್ಚು ಟ್ರಿಗರ್. ನಿಜವಾದ ರೈಫಲ್ಲಿನ ತೂಕ ಬರಲು, ಚಕ್ರ ಬ್ಯಾಲೆನ್ಸ್ ಮಾಡಲು ಅಂಟಿಸುತ್ತಾರಲ್ಲ, ಆ ಸೀಸದ ತುಂಡುಗಳನ್ನು ಉದ್ದಕ್ಕೂ ಅಂಟಿಸಿದ್ದರು. ಸಂಜೆ ಕೆಲಸದಿಂದ ಬಂದು ಚಹಾ ಮುಗಿಸಿದ್ದೇ ಬಾಲ್ಕನಿಯಲ್ಲಿ ಒಂದು ಮೊಣಕಾಲೂರಿ ಕೂರುವುದು. ಎಡ ಮೊಣಕೈಯನ್ನು ಎಡ ಮೊಣಕಾಲಿನ ಚಿಪ್ಪಿನ ಮೇಲಲ್ಲ, ಚಿಪ್ಪಿನಿಂದ ತುಸು ಮುಂದೆ ಇಡಬೇಕು. ಮೂಳೆಯ ಮೇಲೆ ಮೂಳೆ ಇಟ್ಟರೆ ಜಾರುತ್ತದಂತೆ. ನಳಿಗೆಯ ತುದಿಯಲ್ಲಿ ನೂರು ಫಿಲ್ಸ್‌ನ ನಾಣ್ಯ. ಎದುರು ಕಟ್ಟಡದ ತಾರಸಿಯ ನೀರಿನ ಟ್ಯಾಂಕಿನ ಕಪ್ಪು ಮುಚ್ಚಳವೇ ಹಂದಿ. ಸ್ವಿಚ್ಚು ಟಿಕ್ ಅನ್ನಬೇಕು, ನಾಣ್ಯ ಬೀಳಬಾರದು.

"ಎಳೆಯುವುದಲ್ಲ, ಒತ್ತುವುದು. ನಿಂಬೆಹಣ್ಣಿನಿಂದ ಒಂದೇ ಹನಿ ಬೇಕಾದಾಗ ನೀನು ಹಿಂಡ್ತೀಯಲ್ಲ, ಹಾಗೆ" ಎಂದು ನನಗೆ ಪಾಠ.

ಆಗಿನ್ನೂ ಗಟ್ಟಿಮುಟ್ಟಾಗಿದ್ದ ಅಕ್ಕ ಒಳಗಿನಿಂದ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಬರುವಳು. "ನೀವು ಉಸಿರು ಹಿಡಿದು ಕೂತಿರುವಷ್ಟರಲ್ಲಿ ಆ ಹಂದಿಗೆ ಮೊಮ್ಮಕ್ಕಳಾಗಿರ್ತವೆ!"

"ಹಿಡಿಯೋದಲ್ಲ ಮಾರಾಯ್ತಿ. ಬಿಟ್ಟ ಉಸಿರು ಮುಗಿದು, ಇನ್ನೊಂದು ಶುರುವಾಗುವ ಮೊದಲು ಒಂದು ಖಾಲಿ ಜಾಗ ಉಂಟು. ಆ ಜಾಗದಲ್ಲಿ ಎಲ್ಲ ನಿಂತಿರ್ತದೆ."

"ಆ ಜಾಗದಲ್ಲಿ ನಾನೀಗ ಬಟ್ಟೆ ಒಣಹಾಕಬೇಕು. ಏಳಿ!"

ಏಳುವವರಲ್ಲ. ಟಿಕ್ ಅಂದ ಮೇಲೂ ಏಳುತ್ತಿರಲಿಲ್ಲ. ಕೆನ್ನೆ ಹಲಗೆಗೆ ಅಂಟಿಸಿಕೊಂಡು, ರೆಪ್ಪೆ ಬಡಿಯದೆ ಹಾಗೇ ಇರುತ್ತಿದ್ದರು. "ಗುಂಡು ಹೋಯ್ತಲ್ಲ ಭಾವ, ಇನ್ನೆಂತ?" ಎಂದು ನಾನೊಮ್ಮೆ ಕೇಳಿದ್ದೆ.

"ಹೋದ ಮೇಲೆಯೇ ಕಷ್ಟ ಇರೋದು. ತಾಗಿತೋ ಇಲ್ಲವೋ ನೋಡುವ ಅವಸರದಲ್ಲಿ ಎಲ್ಲರೂ ತಲೆ ಎತ್ತುತ್ತಾರೆ. ಆ ಅವಸರಕ್ಕೇ ಗುರಿ ತಪ್ಪೋದು. ಗುಂಡು ಹೋದ ಮೇಲೂ ತಲೆ ಎತ್ತಬಾರದು."

ಸಂಜೆಹೊತ್ತು ಒಬ್ಬ ಮನುಷ್ಯ ಬಾಲ್ಕನಿಯಿಂದ ಎದುರು ಮನೆಯತ್ತ ಕೋವಿ ಹಿಡಿದಿದ್ದರೆ ಎದುರು ಮನೆಯವರು ಚಪ್ಪಾಳೆ ತಟ್ಟುತ್ತಾರೆಯೇ? ಪುಣ್ಯಕ್ಕೆ ಅವರು ಪೊಲೀಸರಿಗಿಂತ ಮೊದಲು ನಮ್ಮ ಕಟ್ಟಡದ ಮಾಲೀಕರಿಗೆ ಫೋನ್ ಮಾಡಿದರು. ಮಾಲೀಕರು ಬಹ್ರೇನಿನವರೇ, ವಯಸ್ಸಾದವರು. ನಾವೆಲ್ಲ ಹಾಜಿ ಅನ್ನುತ್ತೇವೆ. ಮೂರು ಮಹಡಿ ಏದುಸಿರು ಬಿಡುತ್ತ ಹತ್ತಿ ಬಂದು, ಆ ಮಂಚದ ಕೋವಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ನಾಣ್ಯ ಇಟ್ಟು ತಾವೂ ಒತ್ತಿದರು. ಬಿತ್ತು. ಮತ್ತೆ ಇಟ್ಟರು. ಬಿತ್ತು. ಭಾವ ಮೆಲ್ಲಗೆ ಹೋಗಿ ಅವರ ಮೊಣಕೈ ಸರಿಮಾಡಿ "ಶ್ವಯ್ ಶ್ವಯ್ ಹಾಜಿ, ನಿಧಾನ" ಎಂದರು. ಈ ಸಲ ನಾಣ್ಯ ನಿಂತಿತು!

ಬೈಯಲು ಬಂದಿದ್ದ ಹಾಜಿ ಖುಷಿಯಲ್ಲಿ ಹಿಂದಿಯಲ್ಲಿ ಕೇಳಿದರು: "ಊರಲ್ಲಿ ಏನು ಬೇಟೆಯಾಡ್ತೀಯ?"

ಭಾವ ಬೆವರಿದರು. ಹಾಜಿಯ ಮುಂದೆ ಹಂದಿ ಎಂದು ಹೇಗೆ ಹೇಳುವುದು? "ಜಿಂಕೆ!" ಎಂದುಬಿಟ್ಟರು.

ಊರಲ್ಲಿ ಆ ಮಾತು ಹೇಳಿದ್ದರೆ ಜೈಲು. ಇಲ್ಲಿ ಮರುದಿನ ಒಂದು ಡಬ್ಬಿ ಖರ್ಜೂರ ಬಂತು, ಜೊತೆಗೆ ಶುಕ್ರವಾರ ಶೂಟಿಂಗ್ ರೇಂಜಿಗೆ ಬರಬೇಕೆಂಬ ಆಹ್ವಾನ. ನಮ್ಮವರೂ ಜೊತೆಗೆ ಹೋಗಿದ್ದರು, ಅವರು ಹೇಳಿದ್ದು: ಭಾವ ರೈಫಲ್ಲು ಹಿಡಿದು ಬೋರಲು ಮಲಗಿದರು. ಕಣ್ಣು ಮುಚ್ಚಿದರು. ತೆರೆದರು. ನಳಿಗೆ ಕೂದಲೆಳೆಯಷ್ಟು ಎಡಕ್ಕಿದೆ ಎಂದು ಕೋವಿಯನ್ನು ಸರಿಸದೆ ತಾವೇ ಸೊಂಟದಿಂದ ಸರಿದರು. ಮತ್ತೆ ಕಣ್ಣು ಮುಚ್ಚಿದರು. ಹೀಗೆ ಸರಿದು ಸರಿದು, ಕೊಟ್ಟ ಹೊತ್ತು ಮುಗಿದು, ಕಾವಲಿನವನು "ಖಲಾಸ್" ಎಂದು ಕೋವಿ ವಾಪಸು ಇಸಿದುಕೊಂಡ. ಒಂದೇ ಒಂದು ಗುಂಡೂ ಹಾರಲಿಲ್ಲ!

"ಉಸಿರು ಸರಿಯಾಗಿ ಸಿಗ್ಲಿಲ್ಲ" ಎಂದರಂತೆ ಭಾವ. ಹಾಜಿ ನಗಲಿಲ್ಲ. "ನನ್ನ ಮಕ್ಕಳು ಬಂದರೆ ಗುಂಡು ಖಾಲಿ ಮಾಡ್ತಾರೆ. ಇವನು ಹೊತ್ತು ಖಾಲಿ ಮಾಡ್ತಾನೆ. ವಲ್ಲಾ, ದೇವರಾಣೆ, ಬೇಟೆಗಾರ ಇವನೇ" ಎಂದರಂತೆ.

ಒಂದೇ ಒಂದು ರಜೆಯಲ್ಲಿ ಊರಲ್ಲಿ ಯಾವ ಚುನಾವಣೆಯೂ ಇರಲಿಲ್ಲ. ಕೋವಿ ಮನೆಯಲ್ಲಿತ್ತು, ಒಪ್ಪಿಗೆಯ ಕಾಗದ ಕೈಯಲ್ಲಿತ್ತು, ಹಂದಿಯೂ ಬಂತು. ಮುಸ್ಸಂಜೆಯ ಬೆಳಕಿನಲ್ಲಿ, ಕಲ್ಲೆಸೆಯುವಷ್ಟು ಹತ್ತಿರ. ಭಾವ ಮೊಣಕಾಲೂರಿ ಗುರಿ ಹಿಡಿದರು. ಹಂದಿ ಗೆಣಸು ಕಿತ್ತಿತು. ಭಾವ ಉಸಿರು ಬಿಟ್ಟರು. ಹಂದಿ ಇನ್ನೊಂದು ಗೆಣಸು ಕಿತ್ತಿತು. ಭಾವ ಒತ್ತಲಿಲ್ಲ. ಪಕ್ಕದಲ್ಲಿದ್ದ ಅವರ ತಮ್ಮ ಆಮೇಲೆ ಊರಿಗೆಲ್ಲ ಹೇಳಿಕೊಂಡು ಬಂದ: "ಹಂದಿ ಊಟ ಮುಗಿಸಿ, ಕೈ ತೊಳೆದು, ಅಣ್ಣನಿಗೆ ನಮಸ್ಕಾರ ಹೇಳಿ ಹೋಯ್ತು!"

"ಅದು ಮುಖ ಎದುರು ಮಾಡಿಕೊಂಡೇ ನಿಂತಿತ್ತು" ಎಂದರು ಭಾವ. "ಅದು ಪಕ್ಕಕ್ಕೆ ತಿರುಗುವ ಮೊದಲೇ ಹೊಡೆದರೆ ಗಾಯ ಮಾತ್ರ. ಗಾಯಗೊಂಡದ್ದು ಪೊದೆಯೊಳಗೆ ಎಷ್ಟು ಹೊತ್ತು ನರಳ್ತದೆ ಗೊತ್ತುಂಟಾ? ಅದು ನನ್ನಿಂದಾಗದು."

ಅದೇ ರಜೆಯಲ್ಲಿ ಅಕ್ಕನ ಎಡಗಾಲಿನ ಚಪ್ಪಲಿ ನಡೆಯುವಾಗ ಜಾರಿ ಜಾರಿ ಬೀಳತೊಡಗಿತ್ತು. ಚಪ್ಪಲಿ ಸಡಿಲ ಎಂದುಕೊಂಡು ಹೊಸದು ಕೊಂಡೆವು. ಅದೂ ಜಾರಿತು.

ಆಮೇಲೆ ಭಾವ ರಜೆಗೆ ಹೋಗಿಲ್ಲ. ಮಂಚದ ಕೋವಿ ಬಾಲ್ಕನಿಯ ಮೂಲೆಯಲ್ಲಿ ನಿಂತಿತ್ತು. ಬೇಸಿಗೆಯ ಕಾವಿಗೆ ಅಂಟು ಕರಗಿ ಸೀಸದ ತುಂಡುಗಳು ಒಂದೊಂದಾಗಿ ಉದುರಿದವು. ಗುಡಿಸುವಾಗ ಸಿಕ್ಕಿದ್ದನ್ನು ನಾನು ಒಂದು ಡಬ್ಬಿಗೆ ಹಾಕಿಡುತ್ತಿದ್ದೆ.

ಹಗಲು ಅಕ್ಕನಿಗೆ ಉಣಿಸುವ ಕೆಲಸ ಮೊದಲು ನನ್ನದಾಗಿತ್ತು. ಈ ವರ್ಷದ ಆರಂಭದಲ್ಲಿ ಒಂದು ಮಧ್ಯಾಹ್ನ ಗಂಜಿ ಅಡ್ಡದಾರಿ ಹಿಡಿಯಿತು. ಅಕ್ಕನ ಮುಖ ನೀಲಿಯಾಯಿತು. ಕೆಮ್ಮಲು ಬೇಕಾದ ಶಕ್ತಿಯೂ ಅವಳಲ್ಲಿರಲಿಲ್ಲ. ಆಸ್ಪತ್ರೆ, ಆಮ್ಲಜನಕ, ನ್ಯುಮೋನಿಯಾ. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು, ಇನ್ನೊಮ್ಮೆ ಹೀಗಾದರೆ ಶ್ವಾಸಕೋಶ ತಡೆಯುವುದಿಲ್ಲ, ಟ್ಯೂಬು ಹಾಕಿಸಲೇಬೇಕು ಎಂದು. ಅಲ್ಲಿಯ ಥೆರಪಿಸ್ಟ್ ಹುಡುಗಿ ನಮ್ಮನ್ನೆಲ್ಲ ಕೂರಿಸಿ ಉಣಿಸುವ ಕ್ರಮ ಕಲಿಸಿದಳು. ನೆಟ್ಟಗೆ ಕೂರಿಸಿ, ಗಲ್ಲ ತಗ್ಗಿಸಿ, ಅರ್ಧ ಚಮಚ ಮಾತ್ರ. ಉಸಿರು ಎಳೆಯುವಾಗ ಕೊಡಬೇಡಿ, ಬಿಟ್ಟ ಮೇಲೆ ಕೊಡಿ. ಎರಡು ಸಲ ನುಂಗುವ ತನಕ ಕಾಯಿರಿ, ಗಡಿಬಿಡಿ ಮಾಡಬೇಡಿ. ಆಮೇಲೆ ದನಿ ಕೇಳಿ; ಗೊರಗೊರ ಅಂದರೆ ಅಡ್ಡದಾರಿ ಹಿಡಿದಿದೆ ಎಂದರ್ಥ.

ಕೇಳಲು ಎಷ್ಟು ಸುಲಭ! ಆದರೆ ಚಮಚ ಎತ್ತಿದರೆ ಸಾಕು, ನನಗೆ ಆ ನೀಲಿ ಮುಖ ಎದುರು ಬಂದು, ಚಮಚವನ್ನು ಬಟ್ಟಲಿಗೇ ವಾಪಸು ಇಡುತ್ತಿದ್ದೆ. ಥೆರಪಿಸ್ಟ್ ಮಾತು ಮುಗಿಸಿದಾಗ ಭಾವ ಮಾತ್ರ, ಎಷ್ಟೋ ಕಾಲದ ಮೇಲೆ ಯಾರೋ ತಮ್ಮ ಭಾಷೆ ಮಾತಾಡಿದ್ದು ಕೇಳಿದವರ ಹಾಗೆ ಅವಳನ್ನೇ ನೋಡುತ್ತಿದ್ದರು.

ಅಭ್ಯಾಸವಿಲ್ಲದೆ ಅವರು ಏನನ್ನೂ ಮಾಡುವವರಲ್ಲವಲ್ಲ? ಮನೆಗೆ ಬಂದದ್ದೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಎದುರು ಮೊಣಕಾಲೂರಿ, ಮೊಣಕೈ ಚಿಪ್ಪಿನ ಮುಂದಕ್ಕೆ ಇಟ್ಟು, ಚಮಚದಲ್ಲಿ ಗಂಜಿ ಹಿಡಿದರು. ನಾನು ಹಂದಿಯ ಜಾಗದಲ್ಲಿ! ನನ್ನ ಉಸಿರಾಟ ನೋಡುತ್ತಾ ಎಷ್ಟು ಹೊತ್ತು ಕಾದರೆಂದರೆ ನನಗೆ ನಿಜವಾಗಿಯೂ ಹಸಿವಾಯಿತು. ಅಷ್ಟರಲ್ಲಿ ಶಿಫ್ಟು ಮುಗಿಸಿ ಕಂಪೆನಿ ಬಸ್ಸಿಳಿದು ಬಂದ ನಮ್ಮವರು ಬಾಗಿಲಲ್ಲೇ ನಿಂತರು. "ಇದೆಂತ? ಎರಡನೇ ಮದುವೆಯಾ? ನನಗೆ ಊಟ ಉಂಟಾ, ಇಲ್ವಾ?" ಹಾಸಿಗೆಯಿಂದ ಅಕ್ಕ ನಕ್ಕ ಸದ್ದು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು.

ಅಂದಿನಿಂದ ಮಧ್ಯಾಹ್ನದ ವಿರಾಮಕ್ಕೆ ಟುಬ್ಲಿಯಿಂದ ಬಂದು ಭಾವನೇ ಉಣಿಸುತ್ತಾರೆ. ಒಂದು ಬಟ್ಟಲು ಗಂಜಿಗೆ ಇಡೀ ವಿರಾಮ ಬೇಕು. ತಾವು ಉಣ್ಣುವುದು ಕಾರಿನಲ್ಲಿ, ವಾಪಸು ಹೋಗುವಾಗ, ಸಿಗ್ನಲ್ ಕೆಂಪಾದರೆ ಮಾತ್ರ. ಇದು ಎಷ್ಟು ಕಾಲ ನಡೆಯುತ್ತದೆ ಎಂದು ನಮಗೆ ಗೊತ್ತಿಲ್ಲ. ಅಕ್ಕನಿಗೆ ಗೊತ್ತು. ಅವಳು ಹೇಳುವುದಿಲ್ಲ.

ಇಲ್ಲಿ ವಾರದ ರಜೆ ಶುಕ್ರವಾರ, ಚರ್ಚೂ ಅಂದೇ. ಕಳೆದ ಶುಕ್ರವಾರ ನಾವು ಚರ್ಚಿನಿಂದ ಬಂದಾಗ ಅಕ್ಕ ಏನೋ ಅಂದಳು. ಅವಳ ಮಾತು ಈಗ ನೀರಲ್ಲಿ ನೆನೆದ ಕಾಗದದ ಹಾಗೆ. ಭಾವನಿಗೂ ನನಗೂ ಮಾತ್ರ ಓದಲು ಬರುತ್ತದೆ. "ಬಫಾತ್" ಅಂದಿದ್ದಳು.

ಭಾವ ಕಾರಿನ ಕೀಲಿ ತೆಗೆದುಕೊಂಡರು. ಅಂಗಡಿಯ ಹಂದಿಮಾಂಸವನ್ನು "ಓಡಲು ಗೊತ್ತಿಲ್ಲದ ಹಂದಿ" ಎಂದು ಇಷ್ಟು ವರ್ಷ ಮುಟ್ಟದವರು, ಸೂಪರ್‌ಮಾರ್ಕೆಟ್ಟಿನ ಹಿಂದೆ ಮುಸ್ಲಿಮೇತರರಿಗೆ ಮಾತ್ರ ಎಂದು ಬರೆದ ಕೋಣೆಗೆ ಹೋಗಿ ತಂದರು. ನಾನು ಒಂದೊಂದೇ ಮಸಾಲೆಯನ್ನು ಅಕ್ಕನಿಗೆ ತೋರಿಸುತ್ತಾ ಹೋದೆ. ಸಾಕಾದಾಗ ಅವಳು ಕಣ್ಣು ಮುಚ್ಚುವಳು. ಮೆಣಸಿಗೆ ಬಂದಾಗ ಮುಚ್ಚಲೇ ಇಲ್ಲ. "ಖಾರಕ್ಕೆ ಕೆಮ್ಮು ಬಂದ್ರೆ ಎಂತ ಮಾಡೋದು?" ಎಂದೆ. ತನ್ನ ಅಡುಗೆಗೆ ಕೈ ಹಾಕಿದವರನ್ನು ಮೊದಲು ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು. ಇನ್ನೊಂದು ಚಮಚ ಹಾಕಿದೆ.

ಸಾರನ್ನು ಸೋಸಿ, ದಪ್ಪ ಗಂಜಿಗೆ ಬೆರೆಸಿ ತಂದೆ. ಭಾವ ಅವಳ ಗಲ್ಲ ತಗ್ಗಿಸಿ, ಮೊಣಕಾಲೂರಿದರು. ಅರ್ಧ ಚಮಚ ತುಟಿಯ ಹತ್ತಿರ ಹೋಗಿ ನಿಂತಿತು. ಅಕ್ಕ ಉಸಿರು ಎಳೆದಳು. ಚಮಚ ಕದಲಲಿಲ್ಲ. ಬಿಟ್ಟಳು. ಮತ್ತೆ ಎಳೆದಳು, ಮತ್ತೆ ಬಿಟ್ಟಳು. ಆ ಖಾಲಿ ಜಾಗ ನನಗೂ ಕಂಡಿತು. ಚಮಚ ಒಳಗೆ ಹೋಗಿ ಬಂತು.

ಗಂಟಲು ಒಮ್ಮೆ ಏರಿ ಇಳಿಯಿತು. "ಹೋಯ್ತು!" ಎಂದೆ ನಾನು.

ಭಾವ ಕದಲಲಿಲ್ಲ. ಖಾಲಿ ಚಮಚ ಗಾಳಿಯಲ್ಲಿ ಹಾಗೇ ಇತ್ತು. ಗಂಟಲು ಇನ್ನೊಮ್ಮೆ ಏರಿ ಇಳಿಯಿತು. ಆಗಲೂ ಕದಲಲಿಲ್ಲ. ಅವರ ಕಣ್ಣಿನಿಂದ ಇಳಿದದ್ದು ಕೆನ್ನೆ ದಾಟಿ ಗಲ್ಲದ ತನಕ ಬಂದು ನಿಂತಿತು; ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ.

ಅಕ್ಕ ತುಟಿ ನೆಕ್ಕಿಕೊಂಡಳು. ಕಷ್ಟಪಟ್ಟು ಬಾಯಿ ತೆರೆದಳು.

"ಹಂ... ದಿಗೆ... ಮೊ... ಮ್ಮ... ಕ್ಕಳು" ಅಂದಳು.

ದನಿಯಲ್ಲಿ ಗೊರಗೊರ ಇರಲಿಲ್ಲ. ಕೆಮ್ಮು ಬರಲಿಲ್ಲ. ಆಗ ಭಾವ ತಲೆ ಎತ್ತಿದರು.