ಬ್ಯಾರನ್ನಿನೊಳಗೆ ಪುಷ್ಯಮಾಸ

ಸೂರ್ಯನ ಕೆಲಸ ಸರಿಯಿಲ್ಲವೆಂದು ಅವನನ್ನು ಬಿಟ್ಟು ಬೇರೆ ಸೂರ್ಯನನ್ನು ಮಾಡಿಕೊಂಡವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡದೆ ವಿಧಿಯಿರಲಿಲ್ಲ, ಅವರು ನನ್ನ ಸೋದರಮಾವ!

ರಾವಂದೂರಿನ ಹತ್ತಿರದ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ ಈ ಮಾವನಿಗೆ ಯಾವುದನ್ನೂ ಇದ್ದ ಹಾಗೆ ಬಿಟ್ಟು ಅಭ್ಯಾಸವಿಲ್ಲ. ಒಮ್ಮೆ ಸೈಕಲ್ ಚಕ್ರ ಕಟ್ಟಿ ಮಜ್ಜಿಗೆ ಕಡೆದರು. ಬೆಣ್ಣೆ ಬಂತು, ಸುಳ್ಳೇಕೆ ಹೇಳಲಿ; ಅರ್ಧ ಗೋಡೆಗೆ ಬಂತು. ಮಾಡಿದ್ದನ್ನು ನಾಲ್ಕು ಊರಿಗೆ ಸಾರದಿದ್ದರೆ ಮಾವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಇದು ತೊಂಬತ್ತರ ದಶಕದ ಮಾತು. ಮಾವನ ಒಬ್ಬಳೇ ಮಗಳು ಭಾಗ್ಯ ಕೆ.ಆರ್. ನಗರದ ಗಂಡನ ಮನೆಯಲ್ಲಿ ಚೊಚ್ಚಲ ಬಸುರಿ. ನಮ್ಮತ್ತೆ ತೀರಿಕೊಂಡು ಎಂಟು ವರ್ಷವಾಗಿತ್ತು. ತವರಿನಲ್ಲಿ ಹೆಂಗಸರಿಲ್ಲ, ಬಾಣಂತನವೂ ಇಲ್ಲೇ ಆಗಲಿ ಎಂದರು ಬೀಗರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮಾವ ತಲೆಯಾಡಿಸಿದರು, ಆದರೆ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ತವರಿನವರ ಪಾಲಿಗೆ ಇನ್ನು ಉಳಿದದ್ದು ಬಯಕೆ ತೀರಿಸುವುದೊಂದೇ. ಏನು ಬೇಕೆಂದು ಮಾವ ಮಗಳನ್ನು ಬಿಡದೆ ಕೇಳಿದರು. ಮಾವಿನಕಾಯಿಯೋ ಹುಣಸೆಕಾಯಿಯೋ ಇರಬಹುದೆಂದುಕೊಂಡರೆ ಅವಳು, "ಇದುಕಿದ ಬೇಳೆ ಸಾರು ಉಣ್ಬೇಕು ಅನ್ಸುತ್ತೆ ಕಣಪ್ಪ" ಎಂದುಬಿಟ್ಟಳು!

ಅದೂ ಚೈತ್ರದಲ್ಲಿ! ಈಗೇನೋ ವರ್ಷವಿಡೀ ಅವರೆಕಾಯಿ ಸಿಗುತ್ತದೆ. ಆಗ ನಮ್ಮ ಕಡೆ ಅವರೆಯೆಂದರೆ ಪುಷ್ಯಮಾಸ, ಇಬ್ಬನಿ, ಸಂಕ್ರಾಂತಿ. ಒಣಗಿದ ಕಾಳು ನೆನೆಹಾಕಿ ಹಿದುಕಿ ಕೊಡಿ ಮಾವ ಎಂದೆ.

"ಒಣಗಿದ್ರಲ್ಲಿ ಸೊಗಡೆಲ್ಲೈತವ್ವ? ಅವ್ರವ್ವ ಇದ್ದಿದ್ರೆ ಇಂಗೆ ಒಣಕಾಳು ಕೊಟ್ಟು ಕೈ ತೊಳ್ಕೊಳ್ತಿದ್ಲಾ?" ಎಂದರು.

ಬೇಸಿಗೆಯಲ್ಲಿ ಬಿತ್ತಿದ ಅವರೆ ಬಳ್ಳಿ ಹಬ್ಬುತ್ತದೆಯೇ ಹೊರತು ಹೂ ಬಿಡುವುದಿಲ್ಲವೆಂದು ಊರಿನ ಕೂಸಿಗೂ ಗೊತ್ತು. ತಪ್ಪು ಯಾರದು? ಬೇಸಿಗೆಯ ಸೂರ್ಯನದು! ಹಾಗಾದರೆ ಅವನು ಇಣುಕದ ಜಾಗ ಬೇಕು. ಹೊಗೆಸೊಪ್ಪು ಹದಮಾಡುವ ಬ್ಯಾರನ್ನು ಬೇಸಿಗೆಯಲ್ಲಿ ಖಾಲಿ ಇರುತ್ತದಲ್ಲ, ಕಿಟಕಿಯಿಲ್ಲದ ಆ ಎತ್ತರದ ಕೋಣೆಯಲ್ಲಿ ಮಾವ ಪುಷ್ಯಮಾಸವನ್ನು ಕಟ್ಟಲು ಹೊರಟರು.

ನೆಲ ಅಗೆದು ಅವರೆ ಬಿತ್ತಿ, ಮುರಿದ ಏಣಿಗೆ ನಾಲ್ಕು ಟ್ಯೂಬ್‌ಲೈಟು ಕಟ್ಟಿದರು. ಬಾವಿಯ ರಾಟೆ ಬಿಚ್ಚಿ ತಂದು, ಸೊಪ್ಪು ನೇತುಹಾಕುವ ಗಳುವಿಗೆ ಸಿಕ್ಕಿಸಿ, ಏಣಿಯನ್ನು ಹಗ್ಗದಲ್ಲಿ ಇಳಿಬಿಟ್ಟರು. ಬಳ್ಳಿ ಎದ್ದಂತೆ ಹಗ್ಗ ಎಳೆದರೆ ಸೂರ್ಯನೂ ಮೇಲೇಳಬೇಕು. "ಆಕಾಸದ್ ಸೂರ್ಯಂಗೆ ಈ ಅನುಕೂಲ ಐತಾ?" ಎಂದು ಕಂಪಲಾಪುರದ ಟೀ ಅಂಗಡಿಯವರೆಗೂ ಹೋಗಿ ಕೇಳಿ ಬಂದರು.

ಆದರೆ ಅರ್ಧ ಬೆಳಕು ಚಾವಣಿಗೇ ಹೋಗುತ್ತಿತ್ತು. ಅದನ್ನು ಕೆಳಕ್ಕೆ ತಿರುಗಿಸಲು ಮಾವನಿಗೆ ಹೊಳೆದದ್ದು ಮೊರ! ಟ್ಯೂಬಿನ ನೆತ್ತಿಯ ಮೇಲೆ ಬೋರಲು ಕಟ್ಟಿದರೆ ಬೆಳಕು ಎಲ್ಲಿಗೆ ಹೋಗುತ್ತದೆ? ಊರಿನ ಹಳೆಯ ಮೊರಗಳೆಲ್ಲ ಬ್ಯಾರನ್ನು ಸೇರಿದವು. ನನ್ನ ಅಮ್ಮ ಹೌಹಾರಿದಳು. "ಮೊರ ಯಾರಾದ್ರೂ ಬೋರಲಾಕ್ತಾರಾ ಅಣ್ಣ? ಲಕ್ಷ್ಮಿ ಒಂಟೋಯ್ತಾಳೆ!"

"ಓಗ್ಲಿ ಬುಡು, ದಾರಿಗೆ ಬೆಳಕಾದ್ರೂ ಇರ್ತದೆ."

ಮೊರದ ಒಳಮೈ ಹೊಳೆಯಬೇಕಲ್ಲ? ಅದಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ. ತಮಾಷೆ ನೋಡಿ, ಸಿಗರೇಟಿನ ಸೊಪ್ಪು ಬೆಳೆಯುವ ಊರಿನಲ್ಲಿ ಎಲ್ಲರೂ ಸೇದುವುದು ಬೀಡಿ! ಸಿಗರೇಟು ಸೇದುವವರು ಶಾಲೆಯ ಮೇಷ್ಟ್ರೊಬ್ಬರೇ. ಮಾವ ದಿನಾ ಅವರ ಬಾಗಿಲಿಗೆ ಹೋಗಿ, "ಏನ್ ಮೇಷ್ಟ್ರೇ, ಪ್ಯಾಕು ಇನ್ನೂ ಮುಗಿಸ್ಲಿಲ್ವಾ? ಒಂದ್ ಮೂಲೆ ಬಾಕಿ ಐತೆ, ವಸಿ ಜೋರಾಗಿ ಸೇದ್ರಿ!" ಎಂದು ಅವಸರಪಡಿಸುತ್ತಿದ್ದರು. ಮೇಷ್ಟ್ರ ಹೆಂಡತಿ ಒಂದು ದಿನ ಪೊರಕೆ ಹಿಡಿದು ಹೊರಬಂದ ಮೇಲೆ ಈ ವಸೂಲಿ ನಿಂತಿತು. ಅಷ್ಟರಲ್ಲಿ ಮೊರಗಳೂ ತುಂಬಿದ್ದವು.

ನಾನಾಗ ಹುಣಸೂರಿನಲ್ಲಿ ಟೀಚರಾಗಿದ್ದೆ. ಒಂದು ಭಾನುವಾರ ಸುಡುಬಿಸಿಲಿನಲ್ಲಿ ಹೋಗಿ ಬ್ಯಾರನ್ನಿನ ಬಾಗಿಲು ತೆಗೆದೆ. ಒಳಗೆ ಮಾವ ಕಂಬಳಿ ಹೊದ್ದು, ಕಿವಿಗೆ ಮಫ್ಲರ್ ಸುತ್ತಿ ಕೂತಿದ್ದರು! "ಬನೀನಲ್ಲಿ ಬಂದ್ರೆ ಬಳ್ಳಿಗೆ ಅನುಮಾನ ಬತ್ತದೆ ಕಣವ್ವ. ಬಾ, ಬಾಗ್ಲಾಕು, ಬೇಸ್ಗೆ ಒಳೀಕ್ ಬತ್ತದೆ."

ನಗುತ್ತಲೇ ಕೂತೆ. ಕೂತ ಮೇಲೆ ನಗು ತಾನಾಗಿ ನಿಂತಿತು. ಗೋಡೆಯುದ್ದಕ್ಕೂ ಒದ್ದೆ ಗೋಣಿಚೀಲಗಳು ತೊಟ್ಟಿಕ್ಕುತ್ತಿದ್ದವು. ಬೆಳ್ಳಿ ಮೊರಗಳಿಂದ ಇಳಿದ ಬೆಳಕು ಬೆಳದಿಂಗಳೋ ಮುಂಜಾವೋ ತಿಳಿಯದ ಹಾಗೆ ಎಲೆಗಳ ಮೇಲೆ ಹರಡಿತ್ತು. ಮಾವ ಔಷಧಿ ಹೊಡೆಯುವ ಹೊಸ ಪಂಪಿನಲ್ಲಿ ಬರೀ ನೀರು ತುಂಬಿ ಇಬ್ಬನಿ ಸುರಿಸಿದರು. ಹನಿಗಳು ಗಾಳಿಯಲ್ಲಿ ಒಂದು ಕ್ಷಣ ನಿಂತಂತೆ ಕಂಡವು. ಹೊರಗೆ ಯಾವ ತಿಂಗಳು ಎಂಬುದು ನನಗೆ ನಿಜವಾಗಿಯೂ ಮರೆತುಹೋಯಿತು, ಸೆರಗು ಹೊದ್ದುಕೊಂಡೆ.

ಇಷ್ಟೆಲ್ಲ ಮಾಡಿದರೂ ಹೂವಿಲ್ಲ! ಕರೆಂಟು ಇದ್ದಷ್ಟು ಹೊತ್ತೂ, ಹಗಲೂ ರಾತ್ರಿ, ಮಾವ ಸೂರ್ಯನನ್ನು ಆರಿಸುತ್ತಿರಲಿಲ್ಲ. ಬಳ್ಳಿ ಗಳುವಿನಿಂದ ಗಳುವಿಗೆ ಹಬ್ಬಿ ಚಾವಣಿ ಮುಟ್ಟಿತು. ಭಾಗ್ಯಳಿಗೆ ಆರು ತಿಂಗಳು ಕಳೆಯುತ್ತ ಬಂತು. ಹೆರಿಗೆಯೊಳಗೆ ಕಾಯಿ ಸಿಗದಿದ್ದರೆ ಈ ಬಯಕೆ ತೀರದೆ ಉಳಿದೇಹೋಗುತ್ತದೆಂದು ಮಾವನ ಮುಖ ಸಣ್ಣದಾಯಿತು. ಅದರ ಮೇಲೆ ಊರಿಗೆ ಸಂಜೆ ಐದಕ್ಕೇ ಕರೆಂಟು ತೆಗೆಯತೊಡಗಿದರು. ಬೆಳಿಗ್ಗೆಯವರೆಗೂ ಸುಳಿವಿಲ್ಲ. ಮಾವ ಲೈನ್‌ಮನ್ನನ ವಂಶವನ್ನೆಲ್ಲ ಜಾಲಾಡಿದರು.

ಕೆಲವು ವಾರ ಕಳೆದು ನೋಡಿದರೆ ಬಳ್ಳಿಯ ತುಂಬ ಹೂವು! ಪಕ್ಕದ ಮನೆಯ ಅಜ್ಜಿ ಬಂದು ನೋಡಿ ಹಣೆ ಚಚ್ಚಿಕೊಂಡರು. "ಲೇ, ಪುಷ್ಯದಲ್ಲಿ ಕತ್ಲೇನೇ ಜಾಸ್ತಿ ಅಲ್ವೇನ್ಲಾ? ಅವರೆಗೆ ನಿದ್ದೆ ಬ್ಯಾಡ್ವಾ? ನೀನು ಬರೀ ಸೂರ್ಯನ್ನ ಮಾಡ್ದೆ, ಕತ್ಲೆ ಮಾಡಾದೇ ಮರ್ತ್‌ಬುಟ್ಟೆ!"

ಮಾವ ಎಳನೀರು ಹಿಡಿದು ಲೈನ್‌ಮನ್ನನ ಮನೆಗೆ ಹೋದರು. "ಕರೆಂಟ್ ತೆಗ್ದಿದ್ಕೆ ಎಳ್ನೀರು ಕೊಟ್ಟೋರು ನೀವೊಬ್ರೇ ಗೌಡ್ರೇ!" ಎಂದನಂತೆ ಅವನು.

ಭಾಗ್ಯಳಿಗೆ ಎಂಟು ತುಂಬುವ ಹೊತ್ತಿಗೆ ಕಾಯಿ ಬಲಿತವು. ಮಾವನ ಹೊಗೆಸೊಪ್ಪು ಕೊಯ್ಲಿಗೆ ಬಂದಿತ್ತು, ಬ್ಯಾರನ್ನು ಖಾಲಿ ಮಾಡಲು ಮನಸ್ಸಾಗದೆ ಸೊಪ್ಪನ್ನು ಪಕ್ಕದವರ ಬ್ಯಾರನ್ನಿಗೆ ಸಾಗಿಸಿದರು. ಅವರೆಕಾಯಿ ಬಿಡಿಸಿ, ಕಾಳು ನೆನೆಹಾಕಿ, ಹಿದುಕಿದಾಗ ದಕ್ಕಿದ್ದು ಒಂದು ಬೊಗಸೆ ಬೇಳೆ. ಯಾರನ್ನೂ ಒಲೆಯ ಹತ್ತಿರ ಸೇರಿಸದೆ ತಾವೇ ಸಾರು ಮಾಡಿ ಡಬ್ಬಿಗೆ ತುಂಬಿದರು. ಕೆ.ಆರ್. ನಗರಕ್ಕೆ ನಾನೂ ಜೊತೆಗೆ ಹೋದೆ.

ಭಾಗ್ಯ ಮುಚ್ಚಳ ತೆಗೆದಳು. ಸೊಗಡು ಮೂಗಿಗೆ ಬಡಿದು ಕಣ್ಣರಳಿತು. "ಈ ಕಾಲ್ದಲ್ಲಿ ಎಲ್ ಸಿಕ್ತಪ್ಪ ಇದು?"

ನಾನು ನೆಟ್ಟಗೆ ಕೂತೆ. ಏಣಿ, ರಾಟೆ, ಮೊರ, ಮೇಷ್ಟ್ರು, ಇನ್ನು ಒಂದು ಗಂಟೆ ಬಿಡುವಿಲ್ಲ! ಮಾವ ಮುದ್ದೆ ಮುರಿದು ಮಗಳ ತಟ್ಟೆಗೆ ಇಡುತ್ತ, "ಅಂತರಸಂತೆ ಸಂತೇಲಿ ಯಾರೋ ಮಾರ್ತಿದ್ರು ಕಣವ್ವ, ಉಣ್ಣು" ಎಂದರು. ಅಷ್ಟೇ!

ಭಾಗ್ಯ ಡಬ್ಬಿಯ ತಳವನ್ನು ಬೆರಳಿನಿಂದ ಸವರಿ ನೆಕ್ಕಿದಳು. ನಾವು ಹೊರಟಾಗ ಬಾಗಿಲಿಗೆ ಬಂದು ನಿಂತು, "ಅಪ್ಪ, ಸಂತೇಲಿ ಸಿಕ್ಕಿದ್ರೆ ಇನ್ನೊಂದ್ ದಪ ತತ್ತೀಯಾ?" ಎಂದಳು.

"ಅದ್ಕೇನವ್ವ, ತತ್ತೀನಿ" ಎಂದರು ಮಾವ. ಬಳ್ಳಿಯಲ್ಲಿ ಇನ್ನೊಂದು ಕಾಯಿಯೂ ಇರಲಿಲ್ಲ.

ಬೀದಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಯಾಕ್ ಮಾವ ಸುಳ್ಳು ಹೇಳಿದ್ರಿ? ಇಷ್ಟೆಲ್ಲ ಒದ್ದಾಡಿದ್ದು ಅವಳಿಗೆ ಗೊತ್ತಾಗ್ಬೇಡ್ವಾ?"

ಮಾವ ಖಾಲಿ ಡಬ್ಬಿಯನ್ನು ಎದೆಗವಚಿಕೊಂಡು ನಡೆಯುತ್ತಿದ್ದರು. ಕಣ್ಣು ತುಂಬಿತ್ತು. ನನ್ನದೂ ತುಂಬಿತು, ಮುಚ್ಚಿಡುವುದೇನಿದೆ.

"ಗೊತ್ತಾಗಿದ್ರೆ ಅವ್ಳು ಈಗ ಕೇಳ್ತಿರ್ಲಿಲ್ಲ ಕಣವ್ವ" ಎಂದರು. "ಅವ್ರವ್ವ ತೀರ್ಕೊಂಡ್ಮೇಲೆ, ಎಂಟ್ ವರ್ಸದಲ್ಲಿ, ತಾನಾಗೇ ಬಾಯ್ಬುಟ್ಟು ನನ್ನ ಏನಾದ್ರೂ ಕೇಳಿದ್ದು ಇದೇ ಮೊದ್ಲು."